ನರ್ತನದ ನೆರಿಗೆ: ಒಂದು ಅವಲೋಕನ

ನೃತ್ಯವೆಂದೊಡನೆ ನಮ್ಮ ಗಮನವು ಹೆಜ್ಜೆಗೆ, ಮುದ್ರೆಗೆ, ತಾಳಕ್ಕೆ ಹರಿಯುವುದು ಸಹಜ. ಸೊಂಟದಿಂದ ಕೆಳಗಿಳಿದ ಬಟ್ಟೆಯ ಕಡೆಗೆ ಅಷ್ಟಾಗಿ ಯಾರೂ ಲಕ್ಷ್ಯ ಕೊಡುವುದಿಲ್ಲ. ಆದರೆ ನರ್ತಕಿಯ ಲಂಗದ ಉದ್ದ, ತೂಕ, ನೆರಿಗೆಗಳನ್ನು ರೂಪಿಸಿದ್ದು ಆಯಾ ನೃತ್ಯವು ನೆಲದೊಡನೆ ಇಟ್ಟುಕೊಂಡ ಸಂಬಂಧವೇ ಎಂಬುದನ್ನು ಎರಡು ಮೂರು ನಿದರ್ಶನಗಳಿಂದ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ನಮ್ಮ ಜಿಲ್ಲೆಯಿಂದಲೇ ಆರಂಭಿಸೋಣ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಲಂಬಾಣಿ ಸಮಾಜದ ಆರಾಧ್ಯರಾದ ಸಂತ ಸೇವಾಲಾಲರ ಜನ್ಮಸ್ಥಳ. ಫೆಬ್ರವರಿಯ ಜಯಂತ್ಯುತ್ಸವಕ್ಕೆ ಅಲ್ಲಿ ನೆರೆಯುವ ತಾಂಡಾಗಳ ಸ್ತ್ರೀಯರಲ್ಲಿ ಸಾಂಪ್ರದಾಯಿಕ ಉಡುಪನ್ನು ಇಂದಿಗೂ ಕಾಣಬಹುದು: ಮೈಗೆ ಕಾಂಚಳಿ, ತಲೆಯ ಮೇಲೆ ಛಾಂಟಿಯಾ, ಸೊಂಟಕ್ಕೆ ಫೇಟಿಯಾ. ಫೇಟಿಯಾ ಎಂಬುದು ಮಾರುಗಟ್ಟಲೆ ಬಟ್ಟೆಗೆ ನೆರಿಗೆ ಹಿಡಿದು ಹೊಲಿದ ಅಗಲವಾದ ಲಂಗ. ಅದರ ಸೊಂಟಪಟ್ಟಿಯ ತುಂಬ ಒತ್ತಾದ ಕಸೂತಿ. ಕೆಳಗಿನ ಅಂಚಿನಲ್ಲಿ ಬೇರೆ ಬಣ್ಣದ ಬಟ್ಟೆಯ ಪಟ್ಟಿಗಳು, ಕನ್ನಡಿಯ ಬಿಲ್ಲೆಗಳು. ರಾಜಸ್ಥಾನದ ಘಾಗ್ರಾಕ್ಕೆ ಇದು ಹತ್ತಿರದ ಬಂಧು. ಎತ್ತುಗಳ ಮೇಲೆ ಧಾನ್ಯ, ಉಪ್ಪುಗಳನ್ನು ಹೇರಿಕೊಂಡು ದೇಶದುದ್ದಕ್ಕೂ ಸಂಚರಿಸಿದ ಈ ಜನರೊಡನೆ ಅದೂ ದಕ್ಷಿಣಕ್ಕೆ ನಡೆದು ಬಂದಿತು.

ಹೋಳಿ, ದೀಪಾವಳಿ, ತೀಜ್ ಹಬ್ಬಗಳಲ್ಲಿ ಈ ಸ್ತ್ರೀಯರು ವರ್ತುಲವಾಗಿ ನಿಂತು, ಬಾಗಿ ಚಪ್ಪಾಳೆ ತಟ್ಟಿ, ಎದ್ದು, ಪಕ್ಕಕ್ಕೆ ಹೆಜ್ಜೆ ಸರಿಸುತ್ತಾರೆ. ಇದರಲ್ಲಿ ನೆಗೆತಕ್ಕೆ ಪ್ರಾಧಾನ್ಯವಿಲ್ಲ. ಲಂಗದ ಅಂಚು ಭಾರವಾದ್ದರಿಂದ ಮೈ ತಿರುಗಿದ ಒಂದು ಕ್ಷಣದ ಬಳಿಕ ಬಟ್ಟೆ ತಿರುಗುತ್ತದೆ. ವರ್ತುಲದ ಸುತ್ತ ಒಂದು ಅಲೆಯೇ ಹಾಯ್ದಂತಾಗುತ್ತದೆ. ಅಂಚನ್ನು ಹಗುರ ಮಾಡಿದರೆ ಆ ಅಲೆ ಇಲ್ಲ, ಅಲೆ ಇಲ್ಲದೆ ಆ ನೃತ್ಯದ ಅರ್ಧ ಸೊಗಸಿಲ್ಲ.

ಇದಕ್ಕೆ ತೀರ ವಿರುದ್ಧವಾದ ದಾರಿ ಯೂರೋಪಿನ ಬ್ಯಾಲೆಯದು. ಹದಿನೆಂಟನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಮಾರಿ ಕಮಾರ್ಗೊ ಎಂಬ ನರ್ತಕಿ ತನ್ನ ಪಾದಗಳ ಚುರುಕು ಪ್ರೇಕ್ಷಕರಿಗೆ ಕಾಣಲೆಂದು ಲಂಗವನ್ನು ನೆಲದಿಂದ ಮೇಲೆತ್ತಿ ಕಿರಿದಾಗಿಸಿದಳು. 1832ರಲ್ಲಿ 'ಲಾ ಸಿಲ್ಫೀಡ್' ಪ್ರಯೋಗದಲ್ಲಿ ಮಾರಿ ತಾಲ್ಯೋನಿ ಮೀನಖಂಡದವರೆಗೆ ಇಳಿಯುವ, ಗಂಟೆಯಾಕಾರದ ಬಿಳಿಯ ತೆಳುಲಂಗವನ್ನು ಧರಿಸಿ ಕಾಲ್ಬೆರಳ ತುದಿಯಲ್ಲಿ ನಿಂತಳು. ಅವಳು ನೆಲಕ್ಕೆ ಸೇರದ ವಾಯುಕನ್ಯೆಯೆಂಬ ಭಾವನೆ ಮೂಡಬೇಕಾಗಿತ್ತು, ಬಟ್ಟೆ ಮೋಡದಂತಿರಬೇಕಾಗಿತ್ತು. ಮುಂದೆ ಆ ಶತಮಾನದ ಕೊನೆಯ ದಶಕಗಳಲ್ಲಿ ಕಾಲಿನ ಕಸರತ್ತು ಬೆಳೆದಂತೆ ಲಂಗವು ಮೊಳಕಾಲಿನ ಮೇಲೇರಿತು. ಟ್ಯೂಲ್ ಎಂಬ ಜಾಲರಿ ಬಟ್ಟೆಯ ಹಲವು ಪದರಗಳನ್ನು ಒಂದರ ಮೇಲೊಂದು ಹೊಲಿದು, ಸೊಂಟದ ಸುತ್ತ ತಟ್ಟೆಯಂತೆ ಚಾಚಿಕೊಳ್ಳುವ 'ಟುಟು' ಇಪ್ಪತ್ತನೆಯ ಶತಮಾನದಲ್ಲಿ ಪೂರ್ಣರೂಪ ತಳೆಯಿತು.

ಆ ಹಗುರಕ್ಕೆ ತೆತ್ತ ಬೆಲೆ ಘೋರವಾದುದು. ಆಗ ರಂಗಕ್ಕೆ ಅನಿಲದೀಪಗಳ ಬೆಳಕು. ಎಮ್ಮಾ ಲಿವ್ರಿ ಎಂಬ ತರುಣ ನರ್ತಕಿ, ಬೆಂಕಿ ಹಿಡಿಯದಂತೆ ದ್ರಾವಣದಲ್ಲಿ ಅದ್ದಿದ ಬಟ್ಟೆ ಬಿರುಸಾಗಿ ಬಣ್ಣಗೆಡುತ್ತದೆಂದು ಅದನ್ನು ಒಲ್ಲೆನೆಂದಳು. 1862ರ ನವೆಂಬರಿನಲ್ಲಿ ಪ್ಯಾರಿಸ್ ಒಪೆರಾದ ಪೂರ್ವಾಭ್ಯಾಸದಲ್ಲಿ ಅವಳ ಲಂಗಕ್ಕೆ ದೀಪದ ಉರಿ ತಗುಲಿತು. ಎಂಟು ತಿಂಗಳು ನರಳಿ 1863ರ ಜುಲೈನಲ್ಲಿ ತೀರಿಕೊಂಡಾಗ ಅವಳಿಗೆ ಇಪ್ಪತ್ತು ವರ್ಷ. ಸುಟ್ಟುಳಿದ ಆ ಬಟ್ಟೆಯ ಚೂರುಗಳನ್ನು ಪ್ಯಾರಿಸ್ಸಿನಲ್ಲಿ ಕಾಪಿಟ್ಟಿದ್ದಾರೆ.

ಬ್ಯಾಲೆಯ ಗಾಳಿ ನಮ್ಮ ನಾಡಿಗೂ ಬೀಸಿತು. ರುಕ್ಮಿಣೀದೇವಿ ಅರುಂಡೇಲ್ ಅವರು ರಷ್ಯದ ಅನ್ನಾ ಪಾವ್ಲೋವಾಳಿಂದ ಪ್ರಭಾವಿತರಾಗಿ ಮೊದಲು ಬ್ಯಾಲೆಯನ್ನೇ ಅಭ್ಯಸಿಸಿ, ಅನಂತರ ಭರತನಾಟ್ಯಕ್ಕೆ ಬಂದರು. 1935ರಲ್ಲಿ ಅಡಯಾರಿನಲ್ಲಿ ರಂಗವೇರಿದ ಅವರು ವೇಷಭೂಷಣವನ್ನು ಹೊಸದಾಗಿ ಸಂಯೋಜಿಸಿದರು. ಹೊಲಿದ ಉಡುಪು ಕ್ರಮೇಣ ಬಳಕೆಗೆ ಬಂದಿತು. ಆದರೂ ಟುಟುವಿನ ನಕಲು ಅಲ್ಲಿ ನುಸುಳಲಿಲ್ಲ. ಅರೆಮಂಡಿಯಲ್ಲಿ ಮೊಳಕಾಲುಗಳು ಪಕ್ಕಕ್ಕೆ ಬಾಗಿದಾಗ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ನೆರಿಗೆಯು ಸೀರೆಯ ನೆರಿಗೆಯದೇ ಮುಂದುವರಿಕೆ. ನೆಲಕ್ಕೆ ಒತ್ತಿ ನಿಲ್ಲುವ ನೃತ್ಯಕ್ಕೆ ಅದೇ ಉಚಿತವೆಂದು ನನ್ನ ಅಭಿಪ್ರಾಯ.

ಇನ್ನು ನಮ್ಮ ಶಾಲೆಗಳ ಮಾತು. ಕೊಕ್ಕನೂರಿನಂತಹ ಊರುಗಳ ವಾರ್ಷಿಕೋತ್ಸವಗಳಲ್ಲಿ ಲಂಬಾಣಿ ನೃತ್ಯವು ಮಕ್ಕಳಿಗೆ ಬಹು ಪ್ರಿಯ. ಉಡುಪು ಮಾತ್ರ ಬಾಡಿಗೆಯದು. ಮಿಂಚುವ ಕೃತಕ ನೂಲಿನದು. ಅದು ಗಾಳಿಗೆ ಹಾರುತ್ತದೆ, ಹೆಜ್ಜೆಯನ್ನು ಅನುಸರಿಸುವುದಿಲ್ಲ. ಮೇಲಾಗಿ ಕೃತಕ ನೂಲಿಗೆ ಕಿಡಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ವೇದಿಕೆಯ ಮುಂದೆ ಎಣ್ಣೆದೀಪ ಬೆಳಗಿಸುವ ಪದ್ಧತಿಯುಳ್ಳ ನಾವು, ಮಕ್ಕಳು ಕುಣಿಯುವ ಮುನ್ನ ಅದನ್ನು ದೂರ ಸರಿಸುವುದು ಅತ್ಯಗತ್ಯ.

ಅತ್ತ ನಿಜವಾದ ಫೇಟಿಯಾಗಳ ಗತಿಯೇನು? ತರುಣಿಯರು ಸೀರೆಗೆ, ಚೂಡಿದಾರಕ್ಕೆ ಒಲಿದಿದ್ದಾರೆ. ಅದು ಅವರ ಹಕ್ಕು, ಬಿಸಿಲಲ್ಲಿ ದುಡಿಯುವವರಿಗೆ ಅಷ್ಟು ಭಾರವನ್ನು ಹೊರಿಸಲು ನಾವು ಯಾರು? ಆದರೆ ಹಳೆಯ ಲಂಗಗಳು ಕತ್ತರಿಗೆ ಸಿಕ್ಕಿ ಕೈಚೀಲಗಳಾಗಿ, ದಿಂಬಿನ ಹೊದಿಕೆಗಳಾಗಿ ಪೇಟೆಯಲ್ಲಿ ಮಾರಾಟವಾಗುತ್ತಿವೆ. ಕಲೆ ಸತ್ತಿಲ್ಲ: ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆಯಿದೆ, 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಸಂದರ್ಭದಲ್ಲಿ ಅಲ್ಲಿನ ಕುಶಲಕರ್ಮಿ ಸ್ತ್ರೀಯರ 1755 ಕಸೂತಿ ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಗೆ ಸೇರಿತು. ಆದರೆ ಕಸೂತಿ ಉಳಿದಾಗಲೂ ಲಂಗದ ಕಟ್ಟಡ, ಅಂದರೆ ಎಷ್ಟು ಬಟ್ಟೆಗೆ ಎಷ್ಟು ನೆರಿಗೆ, ಅಂಚಿಗೆ ಎಷ್ಟು ಪಟ್ಟಿ ಎಂಬ ಲೆಕ್ಕ, ಅಜ್ಜಿಯರ ಕೈಯಲ್ಲೇ ಉಳಿದಿದೆ. ತಾಂಡಾದ ಮಕ್ಕಳು ಓದುವ ಶಾಲೆಗಳ ಅಧ್ಯಾಪಕರು ಮನಸ್ಸು ಮಾಡಿದರೆ ಒಂದು ಅಳತೆಪಟ್ಟಿ, ಒಂದು ನೋಟುಬುಕ್ಕು, ಒಂದು ಬೇಸಗೆಯ ರಜೆ ಇದಕ್ಕೆ ಸಾಕು. ಪ್ರತಿ ಫೇಟಿಯಾದ ಸುತ್ತಳತೆ, ಉದ್ದ, ತೂಕಗಳನ್ನು ಬರೆದಿಡುವಾಗ ಅದನ್ನು ಹೊಲಿದಾಕೆಯ ಹೆಸರನ್ನೂ ಮೊದಲ ಕಲಮಿನಲ್ಲಿ ಬರೆಯಬೇಕು.