ಹ್ಯಾಂಡಲ್ ಬ್ಯಾಗಿನ ಓಲಾಟಕ್ಕೆ ಮನೆಯಲ್ಲೇ ಕಡಿವಾಣ

ಸೈಕಲ್ ಹ್ಯಾಂಡಲ್‌ಗೆ ನೇತುಹಾಕಿದ ಬ್ಯಾಗು ಒಳ್ಳೆಯ ಡಾಂಬರು ರಸ್ತೆಯಲ್ಲಿ ತೆಪ್ಪಗಿರುತ್ತದೆ. ಗುಂಡಿ, ಹಂಪು ಶುರುವಾದವೋ, ಏರಿನಲ್ಲಿ ಎದ್ದು ನಿಂತು ಪೆಡಲ್ ತುಳಿದಿರೋ, ಅದರ ಓಲಾಟ ಕೈಗೇ ಗೊತ್ತಾಗುತ್ತದೆ. ಮೇಲಿನ ಪಟ್ಟಿಗಳನ್ನು ಎಷ್ಟು ಬಿಗಿದರೂ ನಿಲ್ಲದು. ತಳ ಗಾಳಿಯಲ್ಲೇ ಇರುತ್ತದಲ್ಲ. ಅದಕ್ಕೇ ಕೆಲವರು ತಳವನ್ನು ಎಳೆದು ಫ್ರೇಮಿನ ಹೆಡ್ ಟ್ಯೂಬಿಗೆ ಕಟ್ಟುತ್ತಾರೆ. ನನಗೇನೋ ಅದು ಹಿಡಿಸುವುದಿಲ್ಲ. ಬ್ಯಾಗು ಹ್ಯಾಂಡಲ್ ಜೊತೆ ತಿರುಗುತ್ತದೆ, ಹೆಡ್ ಟ್ಯೂಬ್ ತಿರುಗುವುದಿಲ್ಲ. ಬಿಗಿದಷ್ಟೂ ಹ್ಯಾಂಡಲ್ ಜಗ್ಗುತ್ತದೆ, ಬಣ್ಣವೂ ಕಿತ್ತುಬರುತ್ತದೆ. ಹ್ಯಾಂಡಲ್ ಜೊತೆಗೇ ತಿರುಗುವುದು ಫೋರ್ಕ್. ಅದರ ತಲೆಯಲ್ಲಿ, ಚಕ್ರದ ಮೇಲ್ಗಡೆ, ಮಡ್‌ಗಾರ್ಡ್ ಕೂರಿಸುವ ತೂತಿದ್ದರೆ, ಅಲ್ಲಿಂದ ಹ್ಯಾಂಡಲ್‌ವರೆಗೆ ಲೋಹದ ಪಟ್ಟಿಯ ಆಧಾರ ಕೊಟ್ಟು ಬ್ಯಾಗಿನ ತಳವನ್ನು ಅದಕ್ಕೇ ಕಟ್ಟುವ ಕೆಲಸ ಸಲೀಸು.

ಬೇಕಾದದ್ದು 25 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಒಂದು ಮೀಟರ್ ಅಲ್ಯೂಮಿನಿಯಂ ಪಟ್ಟಿ, ಎರಡು ಹೋಸ್ ಕ್ಲಿಪ್, 5 ಮಿ.ಮೀ.ನ ನಾಲ್ಕು ಸ್ಟೇನ್‌ಲೆಸ್ ಬೋಲ್ಟ್, ಫೋರ್ಕಿಗೆ 6 ಮಿ.ಮೀ.ನದೊಂದು. ನಟ್ಟುಗಳು ಒಳಗೆ ನೈಲಾನ್ ಬಳೆ ಇರುವ ನೈಲಾಕ್ ಆಗಿರಲಿ. ಸಾದಾ ನಟ್ಟು ಅದುರಿ ಸಡಿಲವಾಗುತ್ತದೆ. ಪಟ್ಟಿ ಕಳಚಿ ಮುಂಚಕ್ರಕ್ಕೆ ಸಿಕ್ಕರೆ ಸವಾರ ಮುಗ್ಗರಿಸುತ್ತಾನೆ. ಹಳೇ ಟ್ಯೂಬಿನ ತುಂಡು ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ.

ಮೊದಲು ರಟ್ಟಿನಲ್ಲಿ ಅಳತೆ ತೆಗೆಯಿರಿ. ಉದ್ದಪಟ್ಟಿ ಫೋರ್ಕಿನ ತೂತಿನಿಂದ ಹೊರಟು, ಕೇಬಲ್‌ಗಳಿಗೆ ತಾಗದಷ್ಟು ಮುಂದೆ ಬಾಗಿ, ನೆಟ್ಟಗೆ ಹ್ಯಾಂಡಲ್ ಮಟ್ಟಕ್ಕೆ ಏರಬೇಕು. ಬೆಂಚ್ ವೈಸಿನಲ್ಲಿ ಸಿಕ್ಕಿಸಿ ನಿಧಾನವಾಗಿ, ತುಸು ದುಂಡಗೆ ಬಗ್ಗಿಸಿ. ಬಗ್ಗಿಸಿದ್ದನ್ನು ಮತ್ತೆ ನೆಟ್ಟಗೆ ಮಾಡಲು ಹೋಗಬೇಡಿ; ಅಲ್ಯೂಮಿನಿಯಂ ಅಲ್ಲೇ ಬಿರುಕು ಬಿಡುತ್ತದೆ. ಮೇಲೊಂದು, ಬ್ಯಾಗಿನ ತಳದ ಮಟ್ಟದಲ್ಲೊಂದು ಅಡ್ಡಪಟ್ಟಿ ಕೂರಿಸಿ. ಒಂದೊಂದಕ್ಕೂ ಎರಡೆರಡು ಬೋಲ್ಟ್. ಒಂದೇ ಹಾಕಿದರೆ ಪಟ್ಟಿ ಗಿರಕಿ ಹೊಡೆಯುತ್ತದೆ. ಅಂಚುಗಳನ್ನು ಅರದಿಂದ ಉಜ್ಜಿ, ಟ್ಯೂಬ್ ಸುತ್ತಿ.

ಮೇಲಿನ ಅಡ್ಡಪಟ್ಟಿಯನ್ನು ಸ್ಟೆಮ್‌ನ ಎರಡೂ ಪಕ್ಕ ಹೋಸ್ ಕ್ಲಿಪ್‌ನಿಂದ ಹ್ಯಾಂಡಲ್‌ಗೆ ಬಿಗಿಯಿರಿ. ಸ್ಟೆಮ್ ಮುಂದಕ್ಕೆ ಚಾಚಿರುವುದರಿಂದ ಪಟ್ಟಿಗೂ ಹ್ಯಾಂಡಲ್‌ಗೂ ನಡುವೆ ಮರದ ಬಿಲ್ಲೆ ಕೊಡಿ, ಅದರಡಿ ಟ್ಯೂಬ್ ತುಂಡು. ಕಾರ್ಬನ್ ಹ್ಯಾಂಡಲ್ ಆದರೆ ಈ ಉಪಾಯವೇ ಬೇಡ. ಫೋರ್ಕಿನ ತೂತಿನಲ್ಲಿ ಬ್ರೇಕಿನ ಬೋಲ್ಟ್ ಇದ್ದರೆ, ಪಟ್ಟಿ ಸೇರಿದ ಮೇಲೂ ನಟ್ಟಿಗೆ ಪೂರ್ತಿ ಥ್ರೆಡ್ ಸಿಗುತ್ತದೆಯೇ ಅಂತ ಮೆಕ್ಯಾನಿಕ್‌ಗೆ ತೋರಿಸಿ. ಸಸ್ಪೆನ್ಷನ್ ಇರುವವರು ಕೆಳಗಿನ ಕಮಾನಿಗೆ ಏನನ್ನೂ ಕಟ್ಟಬಾರದು. ಅದು ಮೇಲೆ ಕೆಳಗೆ ಆಡುತ್ತದೆ. ಫೋರ್ಕ್ ಪೂರ್ತಿ ಕುಸಿದಾಗಲೂ ಟೈರು ಅಡ್ಡಪಟ್ಟಿಗೆ ತಾಗಬಾರದು.

ಇನ್ನು ಬ್ಯಾಗನ್ನು ಎಂದಿನಂತೆ ಮೇಲೆ ನೇತುಹಾಕಿ, ತಳವನ್ನು ಕೆಳಗಿನ ಅಡ್ಡಪಟ್ಟಿಯ ಎರಡು ತುದಿಗೂ ಬಿಗಿದು ಕಟ್ಟಿ. ಒಂದೊಂದು ಲೀಟರಿನ ಎರಡು ನೀರಿನ ಬಾಟಲಿ ತುಂಬಿ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಬ್ರೇಕ್ ಕೇಬಲ್ ಎಲ್ಲೂ ಎಳೆಯಕೂಡದು. ಬೀದಿಯ ಹಂಪಿನ ಮೇಲೆ ನಾಲ್ಕು ಸಲ ಹತ್ತಿಳಿಸಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ. ಎರಡು ಕೆ.ಜಿ.ಗಿಂತ ಹೆಚ್ಚು ಹೇರಬೇಡಿ. ಹೆಡ್‌ಲೈಟು ಬ್ಯಾಗಿನ ಹಿಂದೆ ಮರೆಯಾದರೆ ಕೆಳಗಿನ ಅಡ್ಡಪಟ್ಟಿಯ ತುದಿಗೇ ಅದನ್ನು ಸಿಕ್ಕಿಸಬಹುದು.