ಬಿಚ್ಚುವ ಕೂಲಿ ಒಂದೇ ಸಲ ಕೊಡಿ

ನನ್ನ 2014ರ ಡೀಸೆಲ್ ಡಸ್ಟರ್‌ನ ಟೈಮಿಂಗ್ ಬೆಲ್ಟ್ ಕೆಲಸಕ್ಕೆ ತೆರಿಗೆ ಸೇರಿ ಇಪ್ಪತ್ತೆಂಟು ಸಾವಿರ ಬಿತ್ತು. ಬೆಲ್ಟ್ ಒಂದನ್ನೇ ಹಾಕಿಸಿದ್ದರೆ ಹನ್ನೆರಡು ಸಾವಿರದೊಳಗೆ ಮುಗಿಯುತ್ತಿತ್ತು. ನಮ್ಮ ಬಂದರಿನ ಆಫೀಸಿನಲ್ಲಿ ಇದನ್ನು ಹೇಳಿದಾಗ, ಹನ್ನೊಂದು ವರ್ಷದ ಗಾಡಿಗೆ ಇಷ್ಟೊಂದು ಸುರಿಯುವುದೇ ಎಂದು ನಕ್ಕವರೇ ಹೆಚ್ಚು.

ಬಿಲ್ಲಿನಲ್ಲಿದ್ದದ್ದು ಇಷ್ಟು: ಬೆಲ್ಟ್, ಟೆನ್ಶನರ್, ಐಡ್ಲರ್ ಸೇರಿದ ಕಿಟ್ 9,000, ವಾಟರ್ ಪಂಪ್ 4,500, ಕೂಲೆಂಟ್ 1,500, ಫ್ಯಾನ್ ಬೆಲ್ಟ್ ಮತ್ತು ಕ್ರ್ಯಾಂಕ್ ಪುಲ್ಲಿಯ ಬೋಲ್ಟ್ 1,800, ಕೂಲಿ 7,000. ಇದರ ಮೇಲೆ 18% ಜಿಎಸ್‌ಟಿ. 2025ರ ಸೆಪ್ಟೆಂಬರ್ 22ಕ್ಕೆ ಮುಂಚೆಯಾಗಿದ್ದರೆ ಬಿಡಿಭಾಗಗಳಿಗೆ 28% ಕೊಡಬೇಕಿತ್ತು.

ಜಗಳವೆಲ್ಲ ವಾಟರ್ ಪಂಪಿನದು. ಅದು ಸೋರುತ್ತಿರಲಿಲ್ಲ, ಸದ್ದೂ ಇರಲಿಲ್ಲ. ಚೆನ್ನಾಗಿರುವುದನ್ನು ಯಾಕೆ ಬಿಸಾಡಬೇಕು? ಲೆಕ್ಕ ಹಾಕೋಣ. ತೆರಿಗೆ ಎರಡೂ ಕಡೆಗೆ ಒಂದೇ, ಅದನ್ನು ಬದಿಗಿಡಿ. ಈಗಲೇ ಪಂಪ್ ಹಾಕಿಸಿದರೆ ಹೆಚ್ಚುವರಿ ಖರ್ಚು ಪಂಪ್ ಮತ್ತು ಕೂಲೆಂಟ್ ಸೇರಿ 6,000. ಬಿಚ್ಚುವ ಕೂಲಿ ಹೇಗೂ ಬೆಲ್ಟಿಗೆ ಕೊಟ್ಟಾಗಿದೆ. ಈಗ ಬಿಟ್ಟು, ಎರಡು ವರ್ಷದ ಮೇಲೆ ಅದು ಸೋರತೊಡಗಿದರೆ? ಈ ಇಂಜಿನ್‌ನಲ್ಲಿ ಪಂಪನ್ನು ತಿರುಗಿಸುವುದೇ ಟೈಮಿಂಗ್ ಬೆಲ್ಟ್. ಮತ್ತೆ ಎಲ್ಲ ಬಿಚ್ಚಬೇಕು: ಕೂಲಿ 7,000, ಪಂಪ್ 4,500, ಕೂಲೆಂಟ್ 1,500. ಕೂಲೆಂಟ್ ಬಿದ್ದು ನೆನೆದ ಬೆಲ್ಟನ್ನು ಮತ್ತೆ ಹಾಕುವಂತಿಲ್ಲ, ಕಿಟ್ 9,000. ಒಟ್ಟು 22,000.

6,000ವನ್ನು 22,000ದಿಂದ ಭಾಗಿಸಿದರೆ ಸುಮಾರು 27%. ಮುಂದಿನ ಬೆಲ್ಟ್ ಬದಲಾವಣೆಯೊಳಗೆ ಹಳೆಯ ಪಂಪ್ ಕೈಕೊಡುವ ಸಾಧ್ಯತೆ ಅದಕ್ಕಿಂತ ಹೆಚ್ಚಿದೆ ಅನಿಸಿದರೆ ಈಗಲೇ ಬದಲಿಸುವುದು ಅಗ್ಗ. ಆಗ ಹೊಸ ಬೆಲ್ಟೂ ಸಿಕ್ಕಂತಾಯಿತಲ್ಲ ಎಂದು ಕಿಟ್ಟಿನ ಹಣ ಕಳೆದರೆ ಈ ಗಡಿ 46%ಗೆ ಏರುತ್ತದೆ. ಒಂದು ಲಕ್ಷ ಕಿಲೋಮೀಟರ್ ತಿರುಗಿದ ಬೇರಿಂಗ್ ಇನ್ನೊಂದು ಲಕ್ಷ ತಿರುಗೀತು ಎಂದು ಪಣ ಕಟ್ಟಲು ನನಗಂತೂ ಧೈರ್ಯವಿಲ್ಲ. ಪಂಪ್ ಜಾಮ್ ಆಗಿ ಬೆಲ್ಟ್ ಹಾರಿದರೆ ವಾಲ್ವ್‌ಗಳು ಬಾಗುತ್ತವೆ. ಆಗಿನ ಇಂಜಿನ್ ಹೆಡ್ ಕೆಲಸ ಈ ಲೆಕ್ಕದಲ್ಲಿ ಸೇರಿಯೇ ಇಲ್ಲ. ಕೈಕೊಡುವ ಜಾಗವನ್ನೂ ಯೋಚಿಸಿ: ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ರಾಷ್ಟ್ರೀಯ ಹೆದ್ದಾರಿ 16ರಲ್ಲಿ ಸುಮಾರು 350 ಕಿ.ಮೀ. ಗಾಡಿ ನಿಲ್ಲುವುದು ಗ್ಯಾರೇಜುಗಳು ತುಂಬಿದ ಗಾಜುವಾಕದ ಆಟೋನಗರದ ಎದುರೋ ವಿಜಯವಾಡದ ಆಟೋನಗರದ ಎದುರೋ ಅಲ್ಲ, ತುನಿಯ ಆಸುಪಾಸಿನಲ್ಲಿ. ಯಾಂತ್ರಿಕ ವೈಫಲ್ಯಕ್ಕೆ ಸಾಮಾನ್ಯ ವಾಹನ ವಿಮೆ ಹಣ ಕೊಡುವುದಿಲ್ಲ.

ವರ್ಷದೊಳಗೆ ಗಾಡಿ ಮಾರುವವರಿಗೆ ಈ ಲೆಕ್ಕ ಅನ್ವಯಿಸದು; ಕಿಟ್ ಸಾಕು. ಆಯಿಲ್ ಸೀಲ್ ಒದ್ದೆಯಾಗಿದ್ದರೆ ಮಾತ್ರ ಬದಲಿಸಿ. ಆಲ್ಟರ್ನೇಟರ್, ಎಸಿ ಕಂಪ್ರೆಸರ್ ಹೊರಗಿವೆ, ಕೆಟ್ಟಾಗ ನೋಡಿಕೊಳ್ಳಬಹುದು.

ನನ್ನ ಮೊದಲ ಎಸ್ಟಿಮೇಟಿನಲ್ಲಿ 6,500 ರೂಪಾಯಿಯ ಇನ್ನೊಂದು ಸಾಲಿತ್ತು: ಇಂಜಿನ್ ಫ್ಲಶ್ ಮತ್ತು ಡಿಕಾರ್ಬನೈಸಿಂಗ್ ಪ್ಯಾಕೇಜ್. ಬೆಲ್ಟಿಗೂ ಅದಕ್ಕೂ ಏನು ಸಂಬಂಧ? "ಪಿಕಪ್ ಬರುತ್ತೆ ಸಾರ್" ಎಂಬುದಷ್ಟೇ ಉತ್ತರ. ಹೊಗೆ ಇಲ್ಲ, ಮೈಲೇಜ್ ಇಳಿದಿಲ್ಲ, ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಿಸಿದ್ದೇನೆ; ರೋಗವೇ ಇಲ್ಲದವನಿಗೆ ಯಾವ ಔಷಧ? ಆ ಸಾಲನ್ನು ಹೊಡೆದು ಹಾಕಿಸಿದೆ. ಪಂಪಿನ ದುಡ್ಡು ಅಲ್ಲಿಯೇ ಸಿಕ್ಕಿತು, ಮೇಲೆ ಐನೂರು ಉಳಿಯಿತು!

ನಮ್ಮವರ ಅಭ್ಯಾಸವೇ ಹೀಗೆ. ಸೀಟ್ ಕವರಿಗೆ, ಮ್ಯೂಸಿಕ್ ಸಿಸ್ಟಮ್ಮಿಗೆ ಚೌಕಾಸಿ ಇಲ್ಲ. ಕಣ್ಣಿಗೆ ಕಾಣದ ಬೇರಿಂಗಿಗೆ ನೂರು ಪ್ರಶ್ನೆ. ಕಿಲೋಮೀಟರ್ ಆಗಿಲ್ಲವೆಂದು ವರ್ಷಗಳನ್ನು ಮರೆಯುತ್ತೇವೆ, ಮ್ಯಾನುಯಲ್ ಎರಡನ್ನೂ ಹೇಳಿರುತ್ತದೆ, ಯಾವುದು ಮೊದಲು ಬಂದರೂ ಸರಿ. ಇಂಥ ಖರ್ಚಿಗೆಂದೇ ತಿಂಗಳಿಗೆ ಐನೂರು ರೂಪಾಯಿ ಗಾಡಿಯ ಹೆಸರಿನ ಆರ್‌ಡಿಗೆ ಹಾಕಿ. ಐದು ವರ್ಷಕ್ಕೆ ಬಡ್ಡಿ ಬಿಟ್ಟೇ ಮೂವತ್ತು ಸಾವಿರ. ಎಸ್ಟಿಮೇಟ್ ಕೈಗೆ ಬಂದಾಗ ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳಿ: ಇದನ್ನು ಆಮೇಲೆ ಮಾಡಿಸಿದರೆ ಇದೇ ಕೂಲಿ ಮತ್ತೆ ಕೊಡಬೇಕೇ? ಹೌದೆಂದರೆ ಈಗಲೇ ಹಾಕಿಸಿ, ಬಿಚ್ಚಿದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ.