ಗಂಧರಾಜದ ಬುಡಕ್ಕೆ ಬೂದಿ ಬೇಡ

ಗಂಧರಾಜದ ಎಲೆ ಹಳದಿಗೆ ತಿರುಗಿತೆಂದರೆ ನಮ್ಮ ಕಡೆ ಮೊದಲು ಬುಡಕ್ಕೆ ಬೀಳುವುದು ಒಂದು ಬೊಗಸೆ ಒಲೆ ಬೂದಿ. ಬಾಳೆಗೆ, ತೆಂಗಿಗೆ ಆಗಿಬಂದದ್ದು ಇದಕ್ಕೂ ಆದೀತೆಂಬ ನಂಬಿಕೆ. ಆದರೆ ಇದು ಕಾಫಿಯ ಕುಟುಂಬಕ್ಕೆ ಸೇರಿದ, ಹುಳಿ ಮಣ್ಣು ಬೇಡುವ ಗಿಡ. ಬೂದಿ, ಸುಣ್ಣ, ಗೋಡೆಯಿಂದ ಉದುರಿದ ಸಿಮೆಂಟು, ಬೋರ್‌ವೆಲ್‌ನ ಗಡಸು ನೀರು ಎಲ್ಲವೂ ಮಣ್ಣಿನ ಹುಳಿ ಕಳೆಯುತ್ತವೆ. ಹುಳಿ ಹೋಯಿತೆಂದರೆ ಮಣ್ಣಿನಲ್ಲಿ ಕಬ್ಬಿಣ ಎಷ್ಟಿದ್ದರೂ ಬೇರಿಗೆ ದಕ್ಕದು. ನಮ್ಮ ಕೆಂಪು ಮಣ್ಣಿಗೆ ಆ ಬಣ್ಣ ಬಂದಿರುವುದೇ ಕಬ್ಬಿಣದಿಂದ. ಅದರಲ್ಲೇ ನಿಂತು ಗಿಡ ಕಬ್ಬಿಣವಿಲ್ಲದೆ ಸೊರಗುತ್ತದೆ.

ಸಸಿ ಕೊಳ್ಳುವಾಗ ಒಂದು ಎಲೆ ಚಿವುಟಿ ನೋಡಿ. ಹಾಲು ಒಸರಿದರೆ ಅದು ನಂದಿಬಟ್ಟಲು, ಗಂಧರಾಜವಲ್ಲ. ಗಡ್ಡೆ ನೆಟ್ಟು ಬೆಳೆಯುವ ಸುಗಂಧರಾಜವಂತೂ ಬೇರೆಯೇ ಬೆಳೆ. ಗಂಧರಾಜದ ಎಲೆ ದಪ್ಪ, ಹೊಳಪಿನ ಕಡುಹಸಿರು. ಹೂವು ಬಿಳಿಯಾಗಿ ಅರಳಿ ಎರಡು ಮೂರು ದಿನಕ್ಕೆ ಕೆನೆಹಳದಿಯಾಗುತ್ತದೆ. ಇದರ ತವರು ಚೀನಾ, ಜಪಾನ್ ಕಡೆ. 1761ರಲ್ಲಿ ಜಾನ್ ಎಲ್ಲಿಸ್ ಎಂಬಾತ ಅಮೆರಿಕದ ವೈದ್ಯ ಅಲೆಕ್ಸಾಂಡರ್ ಗಾರ್ಡನ್ ಗೌರವಾರ್ಥ ಈ ಕುಲಕ್ಕೆ ಗಾರ್ಡೇನಿಯಾ ಎಂದು ಹೆಸರಿಟ್ಟ. ನಮ್ಮ ಕುರುಚಲು ಕಾಡಿನ ಬಿಕ್ಕೆ ಗಿಡವೂ ಅದೇ ಕುಲದ್ದು. ಬಿಕ್ಕೆ ಬಂಡೆ ಸಂದಿಯಲ್ಲೂ ಬದುಕುತ್ತದೆ, ಮನೆಯಂಗಳದ ಗಂಧರಾಜಕ್ಕೆ ಆ ಗಟ್ಟಿತನ ಇಲ್ಲ.

ಸವಳಂಗ, ನ್ಯಾಮತಿಯ ಸುತ್ತ ಅರೆಮಲೆನಾಡಿನ ಹವೆ ಇದಕ್ಕೆ ತಕ್ಕಮಟ್ಟಿಗೆ ಒಗ್ಗುತ್ತದೆ. ಚನ್ನಗಿರಿಯ ತೋಟದ ಸೀಮೆಯಲ್ಲೂ ಕಷ್ಟವಿಲ್ಲ. ಜಗಳೂರಿನ ಒಣಹವೆ, ಸುಣ್ಣದ ಹರಳು ಬೆರೆತ ಮಣ್ಣು ಇರುವಲ್ಲಿ ನೆಲದಲ್ಲಿ ನೆಡುವ ಆಸೆ ಬಿಟ್ಟು ಕುಂಡದಲ್ಲಿ ಬೆಳೆಸುವುದೇ ಸರಿ. ಮಣ್ಣಿನ ರಸಸಾರ 5ರಿಂದ 6ರ ಆಸುಪಾಸು ಇರಬೇಕು. ಹೊಲದ ಮಣ್ಣು ಪರೀಕ್ಷೆಗೆ ಕೊಡುವಾಗ ಅಂಗಳದ ಒಂದು ಹಿಡಿಯನ್ನೂ ಬೇರೆ ಚೀಲದಲ್ಲಿ ಕೊಡಿ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ಶಿವಮೊಗ್ಗಕ್ಕೆ ಹೋಗಿಬರುವವರಿಗೆ ಸವಳಂಗ ರಸ್ತೆಯಲ್ಲೇ ನವಿಲೆಯ ಕೃಷಿ ಕಾಲೇಜು ಇದೆ.

ಮನೆಯ ಪೂರ್ವಕ್ಕೆ ನೆಟ್ಟರೆ ಬೆಳಗಿನ ಬಿಸಿಲು ಸಿಗುತ್ತದೆ, ಮಧ್ಯಾಹ್ನದ ಉರಿ ತಪ್ಪುತ್ತದೆ. ಅಡಿಕೆ ತೋಟದ ಒಳಗೆ ನೆಟ್ಟರೆ ಎಲೆ ಮಾತ್ರ, ಹೂವಿಲ್ಲ. ತೋಟದ ಅಂಚು ಆದೀತು. ಹೊಸದಾಗಿ ಗಾರೆ ಮಾಡಿದ ಗೋಡೆಯಿಂದ ಮೂರ್ನಾಲ್ಕು ಅಡಿ ದೂರವಿರಲಿ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿಗೆ ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಕೊಳೆತ ತರಗೆಲೆ ಸಮಸಮ ಬೆರೆಸಿ. ಮಣ್ಣು ಜಿಗುಟಾಗಿದ್ದರೆ ಮರಳು ಸೇರಿಸಿ, ನೀರು ನಿಂತರೆ ಬೇರು ಕೊಳೆಯುತ್ತದೆ. ಬುಡದ ಮೇಲೆ ಮೆಕ್ಕೆಜೋಳದ ರವದಿಯನ್ನೋ ಅಡಿಕೆ ಸೋಗೆಯನ್ನೋ ಕತ್ತರಿಸಿ ಹೊದಿಸಿ. ಬೇರು ಮೇಲ್ಮಟ್ಟದಲ್ಲೇ ಹರಡುವುದರಿಂದ ಬುಡವನ್ನು ಪದೇಪದೇ ಅಗೆಯಬಾರದು.

ಇನ್ನು ನೀರು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಿದ್ದರೆ ಆ ನೀರು ಗಂಧರಾಜಕ್ಕೆ ಒಳ್ಳೆಯದಲ್ಲ. ಚಾವಣಿಯ ಮಳೆನೀರನ್ನು ಒಂದೆರಡು ಡ್ರಮ್ಮಿನಲ್ಲಿ ಹಿಡಿದಿಟ್ಟರೆ ಎರಡು ಮೂರು ಕುಂಡಗಳಿಗೆ ಬಹಳ ದಿನ ಬರುತ್ತದೆ. ಕೆರೆ ನೀರು ಸಿಗುವವರಿಗೆ ಆ ಚಿಂತೆ ಕಡಿಮೆ. ಮನೆಯ ಫಿಲ್ಟರ್‌ನಿಂದ ಹೊರಬೀಳುವ ನೀರನ್ನು ವ್ಯರ್ಥವಾಗಬಾರದೆಂದು ಗಿಡಕ್ಕೆ ಸುರಿಯುವವರಿದ್ದಾರೆ. ಸುಣ್ಣ, ಉಪ್ಪೆಲ್ಲ ಉಳಿಯುವುದು ಅದರಲ್ಲೇ. ಉಪ್ಪು ಬೆರೆತ ಹಳೆ ಮಜ್ಜಿಗೆಯೂ ಬೇಡ.

ಎಲ್ಲ ಹಳದಿಗೂ ಕಾರಣ ಒಂದೇ ಅಲ್ಲ. ತುದಿಯ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಕೆಳಗಿನ ಹಳೆ ಎಲೆಗಳು ಪೂರ್ತಿ ಹಳದಿಯಾಗುತ್ತ ಬಂದರೆ ಸಾರಜನಕ ಸಾಲದು. ಒಂದೆರಡು ಹಳೆ ಎಲೆ ಉದುರಿದರೆ ಗಾಬರಿ ಬೇಡ. ಮಣ್ಣು ಒದ್ದೆಯಿದ್ದೂ ಗಿಡ ಜೋತುಬಿದ್ದರೆ ಬೇರು ಉಸಿರುಗಟ್ಟಿದೆ ಎಂದು ತಿಳಿದು ಮೊದಲು ನೀರು ನಿಲ್ಲಿಸಿ. ಕಬ್ಬಿಣದ ಕೊರತೆಗೆ ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ನಿಂಬೆ ಉಪ್ಪು ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ಹತ್ತು ಹದಿನೈದು ದಿನ ಬಿಟ್ಟು ಇನ್ನೊಂದು ಸಲ. ಕರಗಿಸಿದ್ದನ್ನು ಇಟ್ಟುಕೊಳ್ಳಬೇಡಿ, ಕಂದು ಬಣ್ಣಕ್ಕೆ ತಿರುಗಿದರೆ ಪ್ರಯೋಜನವಿಲ್ಲ. ಸುಣ್ಣದ ಮಣ್ಣಿಗೆ ಅನ್ನಭೇದಿ ಸುರಿದರೆ ಅದೂ ಅಲ್ಲೇ ಕಟ್ಟಿಹೋಗುತ್ತದೆ. ಸಾರಜನಕಕ್ಕೆ ಎರಡು ತಿಂಗಳಿಗೊಮ್ಮೆ ಎರಡು ಹಿಡಿ ಎರೆಗೊಬ್ಬರ ಅಥವಾ ನೆನೆಸಿ ತಿಳಿ ಮಾಡಿದ ಶೇಂಗಾ ಹಿಂಡಿಯ ನೀರು ಸಾಕು. ಅತಿಯಾದರೆ ಗಿಡ ಸೊಂಪಾಗಿ ಎಲೆ ಬಿಡುತ್ತದೆ, ಮೊಗ್ಗು ಬಿಡುವುದಿಲ್ಲ.

ಮೊಗ್ಗು ಉದುರುವುದು ಇದರ ಇನ್ನೊಂದು ಪ್ರಸಿದ್ಧ ತಕರಾರು. ರಾತ್ರಿ ಉಷ್ಣತೆ 15ರಿಂದ 18 ಡಿಗ್ರಿ ಇದ್ದಾಗ ಮೊಗ್ಗು ಚೆನ್ನಾಗಿ ಕಟ್ಟುತ್ತದೆ, ಎಂದರೆ ನಮ್ಮ ಚಳಿಗಾಲದಲ್ಲಿ. ಅದು ಉಬ್ಬುವ ಹೊತ್ತಿಗೆ ಬೇಸಿಗೆ ಬಂದು ನಲ್ಲಿ ನೀರಿಗೆ ನೆಚ್ಚಿಕೆ ಇರುವುದಿಲ್ಲ. ನಾಲ್ಕು ದಿನ ಒಣಗಿಸಿ ಐದನೆಯ ದಿನ ಎರಡು ಕೊಡ ಸುರಿದರೆ ಮೊಗ್ಗು ಉದುರದೆ ಏನಾದೀತು? ಜನವರಿಯಿಂದ ಮಳೆ ಹಿಡಿಯುವವರೆಗೆ ಸ್ವಲ್ಪಸ್ವಲ್ಪವೇ ಆದರೂ ತಪ್ಪದೆ ನೀರು ಬೀಳಬೇಕು. ಮೊಗ್ಗಿರುವಾಗ ಕುಂಡದ ಜಾಗ ಬದಲಿಸಬೇಡಿ.

ಹಿಟ್ಟು ತಿಗಣೆ, ಶಲ್ಕ ಕೀಟ, ಬಿಳಿ ನೊಣ ಬರುತ್ತವೆ. ಅವು ಬಿಡುವ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಇರುವೆ ಸಾಲು ಕಂಡರೆ ಎಲೆಯ ಅಡಿ ನೋಡಿ. ಲೀಟರಿಗೆ 5 ಮಿ.ಲೀ. ಬೇವಿನ ಎಣ್ಣೆಗೆ ಚೂರು ಸಾಬೂನು ಬೆರೆಸಿ ವಾರಕ್ಕೊಮ್ಮೆ ಎರಡು ಮೂರು ಸಲ ಹೊಡೆದರೆ ಹತೋಟಿಗೆ ಬರುತ್ತದೆ. ಬಾಲದಲ್ಲಿ ಕೊಂಬಿರುವ ದಪ್ಪ ಹಸಿರು ಹುಳು ರಾತ್ರೋರಾತ್ರಿ ರೆಂಬೆ ಬೋಳಿಸಿದರೆ ಕೈಯಲ್ಲೇ ಆರಿಸಿ ತೆಗೆಯಿರಿ, ಔಷಧಿ ಬೇಡ. ಬೇರುಗಂಟಿನ ಜಂತುಹುಳು ಹೆಚ್ಚು ತೊಂದರೆ ಕೊಡುವ ಅಮೆರಿಕದ ಫ್ಲಾರಿಡಾದಲ್ಲಿ ಗಂಧರಾಜವನ್ನು ಆಫ್ರಿಕಾ ಮೂಲದ ಸೋದರ ಜಾತಿಯ ಬೇರುಕಾಂಡಕ್ಕೆ ಕಸಿ ಕಟ್ಟುತ್ತಾರೆ.

ಹೂವು ಮುಗಿದ ಕೂಡಲೇ ಸವರಬೇಕು. ಸವರುವುದನ್ನು ಚಳಿಗಾಲಕ್ಕೆ ದೂಡಿದರೆ ಮುಂದಿನ ವರ್ಷದ ಮೊಗ್ಗೂ ಕತ್ತರಿಗೆ ಹೋಗುತ್ತದೆ. ಜೂನ್, ಜುಲೈನಲ್ಲಿ ಸವರಿದ ಅರೆಬಲಿತ ರೆಂಬೆಗಳನ್ನು ನಾಲ್ಕೈದು ಇಂಚಿಗೆ ಕತ್ತರಿಸಿ, ತುದಿಯ ಎರಡು ಮೂರು ಎಲೆ ಉಳಿಸಿ, ಮರಳು ಮತ್ತು ತೆಂಗಿನ ನಾರಿನ ಪುಡಿಯಲ್ಲಿ ನೆರಳಿಗೆ ನೆಟ್ಟರೆ ಒಂದೂವರೆ ಎರಡು ತಿಂಗಳಲ್ಲಿ ಬೇರು ಬರುತ್ತದೆ. ಗೂಟಿ ಕಟ್ಟಿಯೂ ಸಸಿ ಮಾಡಬಹುದು.

ಇದನ್ನು ಸೇವಂತಿಗೆಯಂತೆ ಎಕರೆಗಟ್ಟಲೆ ಹಾಕಿ ಹೂವು ಮಾರುವ ಲೆಕ್ಕಾಚಾರ ಬೇಡ. ಎಸಳು ಕೈ ತಾಕಿದಲ್ಲಿ ಕಂದುತ್ತದೆ, ಬುಟ್ಟಿಯಲ್ಲಿ ಶಿವಮೊಗ್ಗ ತಲುಪುವಷ್ಟರಲ್ಲಿ ಬೆಲೆ ಕಳೆದುಕೊಂಡಿರುತ್ತದೆ. ಚಿಲ್ಲರೆ ಸಂಪಾದನೆ ಬೇಕಿದ್ದ ಮನೆಯವರು ಬೇರು ಬಿಟ್ಟ ಸಸಿಯನ್ನೇ ಮಾರಲಿ, ಮೊಗ್ಗು ಕಾಣಿಸಿಕೊಂಡಾಗ ಬೇಡಿಕೆ ತಾನಾಗಿ ಬರುತ್ತದೆ.